ಹೊಸ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್ ಸಾಕೆ?

ರಾಜರಾಜೇಶ್ವರಿನಗರದ ಆರ್ಚನ್ನು ದಾಟಿ ಒಳಬಂದರೆ, ಹರದಾರಿ ಎರಡು ಹರದಾರಿಯೊಳಗೆ ಮೂರು ತಾಂತ್ರಿಕ ಮಹಾವಿದ್ಯಾಲಯಗಳುಂಟು: ಐಡಿಯಲ್ ಹೋಮ್ಸ್ ಬಡಾವಣೆಯ ಗ್ಲೋಬಲ್ ಅಕಾಡೆಮಿ, ಚನ್ನಸಂದ್ರದ ಆರ್.ಎನ್.ಎಸ್., ಉತ್ತರಹಳ್ಳಿ–ಕೆಂಗೇರಿ ದಾರಿಯ ಜೆ.ಎಸ್.ಎಸ್. ಅಲ್ಲಿ ಓದುವ ವಿದ್ಯಾರ್ಥಿಗಳೂ, ಚಲನಚಿತ್ರದ ದೃಶ್ಯಗಳನ್ನು ಮನೆಯಲ್ಲಿ ಕುಳಿತೇ ಸಂಕಲಿಸಿ ಕೊಡುವ ಕುಶಲಕರ್ಮಿಗಳೂ, ಕೃತಕ ಬುದ್ಧಿಯ ಪಾಠಗಳನ್ನು ಸ್ವಂತ ಯಂತ್ರದಲ್ಲಿ ಪ್ರಯೋಗಿಸಿ ನೋಡಬಯಸುವ ಉದ್ಯೋಗಿಗಳೂ, ಬರಿಯ ಆಟದ ಆಸೆಯಿಂದಲೇ ತಂದೆತಾಯಿಗಳನ್ನು ಕಾಡುವ ಬಾಲಕರೂ ಈ ಬಡಾವಣೆಯಲ್ಲಿ ಯಥೇಷ್ಟವಾಗಿದ್ದಾರೆ. ಆನಿಮೇಷನ್, ದೃಶ್ಯಪರಿಣಾಮ ಮತ್ತು ಗೇಮಿಂಗ್ ಉದ್ಯಮಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು 2012ರಲ್ಲಿಯೇ ರೂಪಿಸಿದ ರಾಜ್ಯ ನಮ್ಮದಾಗಿರುವುದರಿಂದ, ಈ ಆಸೆಗಳಲ್ಲಿ ಕೆಲವಾದರೂ ಜೀವನೋಪಾಯಕ್ಕೆ ಹತ್ತಿರವಾದುವೆಂದು ಒಪ್ಪಬೇಕು. ಇವರೆಲ್ಲರೂ ಒಂದಲ್ಲ ಒಂದು ದಿನ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲು ಹೊರಡುತ್ತಾರೆ. ಹೊರಟೊಡನೆ ಎದುರಾಗುವುದು, ಕಾರ್ಡಿಗಿಂತ ಅಗ್ಗವಾದ, ಆದರೆ ಕಾರ್ಡಿನ ಆಯುಷ್ಯವೇ ತನ್ನ ಕೈಯಲ್ಲಿರುವ ಇನ್ನೊಂದು ವಸ್ತುವಿನ ಪ್ರಶ್ನೆ. ಕ್ಯಾಬಿನೆಟ್ಟಿನ ಮೂಲೆಯಲ್ಲಿ ವರ್ಷಗಳಿಂದ ಧೂಳು ಹೊದ್ದು ಕುಳಿತಿರುವ, ಯಂತ್ರಕ್ಕೆಲ್ಲ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಈ ಹೊಸ ಭಾರವನ್ನು ಹೊರಬಲ್ಲುದೆ, ಅಥವಾ ಅದನ್ನೂ ಬದಲಾಯಿಸಬೇಕೆ?

ಈ ಪ್ರಶ್ನೆಗೆ ಊರಿನಲ್ಲಿ ಎರಡು ಬಗೆಯ ಉತ್ತರಗಳು ಸಿಕ್ಕುತ್ತವೆ. ಧೈರ್ಯಶಾಲಿಯಾದ ಮಿತ್ರನು, ಇಷ್ಟು ದಿನ ನಡೆದ ಯಂತ್ರ ಮುಂದೆಯೂ ನಡೆದೀತೆನ್ನುತ್ತಾನೆ. ಎಸ್.ಪಿ. ರಸ್ತೆಯ ಅಂಗಡಿಯವರು, ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆಯನ್ನು ತೋರಿಸಿ, “ಸಾರ್, ರಿಸ್ಕ್ ಬೇಡ, ಸಿಕ್ಸ್ ಫಿಫ್ಟಿ ಹಾಕ್ಬಿಡಿ, ಆಮೇಲೆ ತಲೆನೋವೇ ಇರಲ್ಲ” ಎನ್ನುತ್ತಾರೆ. ಮೊದಲನೆಯದು ಲೆಕ್ಕವಿಲ್ಲದ ಸಾಹಸ, ಎರಡನೆಯದು ಲೆಕ್ಕವಿಲ್ಲದ ಭಯ. ಇವೆರಡರ ನಡುವೆ, ಹತ್ತು ನಿಮಿಷದಲ್ಲಿ ಕಾಗದದ ಮೇಲೆ ಮಾಡಿ ಮುಗಿಸಬಹುದಾದ ಗಣಿತವೊಂದುಂಟು. ಆ ಗಣಿತ ಮುಗಿದ ಮೇಲೆಯೂ ಉಳಿಯುವ, ಕಣ್ಣಿನಿಂದ ನೋಡಿ ತೀರ್ಮಾನಿಸಬೇಕಾದ ಕೆಲವು ಸಂಗತಿಗಳೂ ಉಂಟು. ಎಸ್‌ಎಂಪಿಎಸ್ ಎಷ್ಟು ವಾಟಿನದೆಂದು ಕೇಳುವುದಕ್ಕಿಂತ, ಆ ವಾಟುಗಳು ಯಾವ ತಂತಿಯಲ್ಲಿ ದೊರೆಯುತ್ತವೆಂದು ಕೇಳುವುದೇ ಇಲ್ಲಿ ನಿರ್ಣಾಯಕವಾದುದು.

ಹನ್ನೆರಡು ವೋಲ್ಟಿನ ದಾರಿ

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಸಾಗಿಸಿದಾಗ, ಮತ್ತು ಅಲ್ಲಿಂದ ಮೂರು ವರ್ಷಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ಶಕ್ತಿಯಿಂದ ದೀಪಗಳನ್ನು ಹೊತ್ತಿಸಿದಾಗ, ಆ ಸಾಗಣೆಯ ಹಿಂದಿದ್ದ ತತ್ತ್ವ ಒಂದೇ: ವೋಲ್ಟನ್ನು ಹೆಚ್ಚಿಸಿದರೆ ಅಷ್ಟೇ ಶಕ್ತಿಗೆ ಹರಿಯಬೇಕಾದ ಪ್ರವಾಹವು ಕಡಿಮೆಯಾಗುತ್ತದೆ, ಮತ್ತು ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವ ಪಾಲು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಗಣಕಯಂತ್ರದ ಒಳಗೆ ನಡೆಯುವುದು ಇದರ ವಿಲೋಮ. ಗೋಡೆಯ ಪ್ಲಗ್ಗಿನಿಂದ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಪಡೆದು, ಎಸ್‌ಎಂಪಿಎಸ್ ಅದನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. 600 ವಾಟಿನ ಶಕ್ತಿಯು ಗೋಡೆಯಿಂದ ಬರುವಾಗ ಎರಡೂವರೆ ಆಂಪಿಯರಿಗಿಂತ ಸ್ವಲ್ಪ ಹೆಚ್ಚಿನ ಪ್ರವಾಹವಾದರೆ, 12 ವೋಲ್ಟಿನ ತಂತಿಯಲ್ಲಿ ಅದೇ ಶಕ್ತಿ 50 ಆಂಪಿಯರ್ ಆಗಿ ಹರಿಯಬೇಕು. ಗ್ರಾಫಿಕ್ಸ್ ಕಾರ್ಡು ಮತ್ತು ಪ್ರೊಸೆಸರ್ ಎರಡೂ ತಮ್ಮ ಆಹಾರವನ್ನು ಬಹುಮಟ್ಟಿಗೆ ಈ 12 ವೋಲ್ಟಿನ ದಾರಿಯಿಂದಲೇ ಪಡೆಯುವುದರಿಂದ, ಕನೆಕ್ಟರ್ ಸಡಿಲವಾದರೂ, ತಂತಿ ತೆಳುವಾದರೂ, ಸೊನ್ನೆಯ ಮುಂದಿನ ದಶಾಂಶದಷ್ಟು ರೋಧವೂ ಅಲ್ಲಿ ಕಾವಾಗಿ ಪ್ರಕಟವಾಗುತ್ತದೆ.

ಆದುದರಿಂದ ಮೊದಲು ಮಾಡತಕ್ಕ ಕೆಲಸವೆಂದರೆ, ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ ಎಸ್‌ಎಂಪಿಎಸ್‌ನ ಮೈಮೇಲಿನ ಚೀಟಿಯನ್ನು ಓದುವುದು. ಅಲ್ಲಿ ದಪ್ಪಕ್ಷರದಲ್ಲಿರುವ ಒಟ್ಟು ವಾಟನ್ನು ಸದ್ಯಕ್ಕೆ ಬದಿಗಿಟ್ಟು, +12V ಎಂಬ ಕಲಂನ ಕೆಳಗಿರುವ ಆಂಪಿಯರ್ ಸಂಖ್ಯೆಯನ್ನು ನೋಡಿ, ಅದನ್ನು ಹನ್ನೆರಡರಿಂದ ಗುಣಿಸಬೇಕು. 36 ಆಂಪಿಯರ್ ಎಂದಿದ್ದರೆ 432 ವಾಟು. ಅಂತಹ ಘಟಕವು ತನ್ನನ್ನು 450 ವಾಟಿನದೆಂದು ಕರೆದುಕೊಂಡರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೆ ಅದೇ 450 ಎಂಬ ಸಂಖ್ಯೆಯನ್ನು ಧರಿಸಿ, 12 ವೋಲ್ಟಿನಲ್ಲಿ 18 ಆಂಪಿಯರ್ ಮಾತ್ರ ಕೊಡುವ ಅಗ್ಗದ ಘಟಕಗಳೂ ಉಂಟು. ಅವುಗಳ ನಿಜವಾದ ಉಪಯುಕ್ತ ಶಕ್ತಿ 216 ವಾಟು, ಮಿಕ್ಕುದೆಲ್ಲವೂ ಇಂದಿನ ಯಂತ್ರಕ್ಕೆ ಅಷ್ಟಾಗಿ ಬೇಡವಾದ 5 ಮತ್ತು 3.3 ವೋಲ್ಟುಗಳಲ್ಲಿ ಹಂಚಿಹೋಗಿರುತ್ತದೆ. ಸಂಪಿನಲ್ಲಿ ನೀರೆಷ್ಟೇ ತುಂಬಿದ್ದರೂ ಮೇಲಿನ ಟ್ಯಾಂಕಿಗೆ ಹೋಗುವ ಕೊಳವೆ ಕಿರಿದಾಗಿದ್ದರೆ ಮನೆಯವರಿಗೆ ಪ್ರಯೋಜನವಿಲ್ಲವಷ್ಟೆ. ಯಂತ್ರಗಳ ಭಾರವು 5 ವೋಲ್ಟಿನಿಂದ 12 ವೋಲ್ಟಿಗೆ ಸರಿದುದನ್ನು ಎಟಿಎಕ್ಸ್ ಮಾನಕದ 2003ರ ಪರಿಷ್ಕರಣವೇ ಒಪ್ಪಿಕೊಂಡಿತ್ತು. ಅದಕ್ಕೂ ಹಿಂದಿನ ಕಾಲದ ವಿನ್ಯಾಸವನ್ನೇ ಹೊಸ ತಗಡಿನೊಳಗೆ ತುಂಬಿ ಮಾರುವವರಿರುವತನಕ ಚೀಟಿಯನ್ನು ಓದುವ ಅಭ್ಯಾಸವು ಅನಿವಾರ್ಯ. ಚೀಟಿಯಲ್ಲಿ 12 ವೋಲ್ಟಿನ ವಿವರವೇ ಇಲ್ಲದಿದ್ದರೆ, ಮುಂದಿನ ಗಣಿತವನ್ನು ಮಾಡುವ ಶ್ರಮವೂ ಬೇಡ, ಅದನ್ನು ಬದಲಾಯಿಸತಕ್ಕದ್ದೇ.

ಕೂಡಿಸಿ ನೋಡುವ ಲೆಕ್ಕ

ಎರಡನೆಯ ಕೆಲಸವು ಕೂಡುವ ಲೆಕ್ಕ. ಇಂಟೆಲ್‌ನ ಐ5-12400 ಪ್ರೊಸೆಸರ್ ಇರುವ, 36 ಆಂಪಿಯರಿನ 450 ವಾಟ್ ಎಸ್‌ಎಂಪಿಎಸ್ ಇರುವ ಯಂತ್ರವೊಂದನ್ನು ಊಹಿಸಿಕೊಳ್ಳೋಣ. ಬಡಾವಣೆಯ ವಿದ್ಯಾರ್ಥಿಗಳ ಕೋಣೆಗಳಲ್ಲಿ ಇಂತಹುದು ದುರ್ಲಭವಲ್ಲ. ಆ ಪ್ರೊಸೆಸರ್ 65 ವಾಟಿನದೆಂದು ಹೆಸರಾದರೂ, ಭಾರ ಬಿದ್ದಾಗ 117 ವಾಟಿನವರೆಗೆ ಏರಲು ತಯಾರಕರೇ ಅವಕಾಶವಿತ್ತಿದ್ದಾರೆ. ಲೆಕ್ಕಕ್ಕೆ ಹಿಡಿಯಬೇಕಾದುದು ಈ ಎರಡನೆಯ ಸಂಖ್ಯೆಯೇ. ಮದರ್‌ಬೋರ್ಡು, ಮೆಮೊರಿ, ಎಸ್‌ಎಸ್‌ಡಿ, ಫ್ಯಾನುಗಳೆಲ್ಲಕ್ಕೂ ಉದಾರವಾಗಿ 60 ವಾಟನ್ನು ಕೊಡೋಣ. ಇದಕ್ಕೆ 115 ವಾಟಿನ ಆರ್‌ಟಿಎಕ್ಸ್ 4060 ಕಾರ್ಡನ್ನು ಸೇರಿಸಿದರೆ ಒಟ್ಟು 292 ವಾಟು. ಎಲ್ಲವನ್ನೂ 12 ವೋಲ್ಟಿನ ಖಾತೆಗೇ ಹಾಕಿದರೂ, 432ರಲ್ಲಿ ಇದು ಮೂರರಲ್ಲಿ ಎರಡು ಪಾಲು. ಘಟಕವು ಒಳ್ಳೆಯದಾಗಿದ್ದು, ತಕ್ಕ ಕನೆಕ್ಟರ್ ಇದ್ದಲ್ಲಿ, ಬದಲಾಯಿಸುವ ಅಗತ್ಯವೇ ಇಲ್ಲ. ಆದರೂ ಅದೇ ಕಾರ್ಡಿಗೆ ಎನ್ವಿಡಿಯಾ ಸಂಸ್ಥೆಯ ಶಿಫಾರಸು 550 ವಾಟು. ಇದು ಸುಳ್ಳಲ್ಲ, ಜಾಗರೂಕತೆ: ಕಾರ್ಡನ್ನು ಮಾಡುವವರಿಗೆ ನಿಮ್ಮ ಪ್ರೊಸೆಸರ್ ಯಾವುದೆಂದಾಗಲಿ, ನಿಮ್ಮ ಎಸ್‌ಎಂಪಿಎಸ್ ಎಷ್ಟು ಪ್ರಾಮಾಣಿಕವೆಂದಾಗಲಿ ತಿಳಿಯದು, ಕೆಟ್ಟ ಘಟಕವನ್ನೂ ಹಸಿದ ಪ್ರೊಸೆಸರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅವರು ಸಂಖ್ಯೆಯನ್ನು ಹೇಳಬೇಕಾಗುತ್ತದೆ.

ಅದೇ ಯಂತ್ರಕ್ಕೆ 200 ವಾಟಿನ ಆರ್‌ಟಿಎಕ್ಸ್ 4070 ಬಂದರೆ ಒಟ್ಟು 377 ವಾಟಾಗಿ, 432ರ ಶೇಕಡ 87ನ್ನು ಮುಟ್ಟುತ್ತದೆ. ಕಾಗದದ ಮೇಲೆ ಇದು ಸಾಧ್ಯ. ವ್ಯವಹಾರದಲ್ಲಿ ಇದು, ಪ್ರತಿದಿನವೂ ಓಡುತ್ತೋಡುತ್ತ ಕಡೆಯ ಬಸ್ಸನ್ನು ಹಿಡಿಯುವವನ ಸ್ಥಿತಿಯಷ್ಟು ಇಕ್ಕಟ್ಟು. 250 ವಾಟಿನ ಆರ್‌ಟಿಎಕ್ಸ್ 5070 ಆದರೆ ಒಟ್ಟು 427 ವಾಟು, ಉಳಿಯುವುದು ಐದೇ ವಾಟು. ಅಲ್ಲಿ ಯೋಚನೆಗೆ ಎಡೆಯೇ ಇಲ್ಲ. ಇನ್ನು 253 ವಾಟಿನವರೆಗೆ ಏರಬಲ್ಲ ಐ7-13700ಕೆ ಪ್ರೊಸೆಸರಿನ ಜೊತೆಗೆ 360 ವಾಟಿನ ಆರ್‌ಟಿಎಕ್ಸ್ 5080 ಸೇರಿದರೆ 673 ವಾಟು. ಅಲ್ಲಿ 850 ವಾಟಿನ ಘಟಕವೆಂಬ ಶಿಫಾರಸು ಅತಿಶಯೋಕ್ತಿಯಲ್ಲ, ವಿವೇಕ. ವಿಲೋಮವಾಗಿ, 75 ವಾಟಿನೊಳಗಿನ ಜಿಟಿಎಕ್ಸ್ 1650ರಂತಹ ಕಾರ್ಡುಗಳಲ್ಲಿ ಅನೇಕವು ಮದರ್‌ಬೋರ್ಡಿನ ಸ್ಲಾಟಿನಿಂದಲೇ ತಮಗೆ ಬೇಕಾದುದನ್ನೆಲ್ಲ ಪಡೆಯುತ್ತವೆ. ಕಚೇರಿಗಳಿಂದ ವಿಲೇವಾರಿಯಾಗಿ ಬಂದ, 200 ವಾಟಿನ ಆಸುಪಾಸಿನ, ಬೇರೆಯ ಘಟಕವನ್ನು ಕೂಡಿಸಲು ಬಾರದಂತಹ ವಿಶಿಷ್ಟ ಕನೆಕ್ಟರುಗಳುಳ್ಳ ಯಂತ್ರಗಳಿಗೆ ಆ ಬಗೆಯ ಕಾರ್ಡೇ ಯುಕ್ತವಾದುದು.

ಒಟ್ಟು ಭಾರವು 12 ವೋಲ್ಟಿನ ಸಾಮರ್ಥ್ಯದ ಶೇಕಡ 70–75ರೊಳಗಿದ್ದರೆ ನಿಶ್ಚಿಂತೆಯಿಂದಿರಬಹುದೆಂದು ಹೇಳುವುದಕ್ಕೆ ಕಾರಣವೊಂದುಂಟು. ಕಾರ್ಡಿನ ವಾಟು ಸರಾಸರಿಯ ಸಂಖ್ಯೆ. ಕಾರ್ಡು ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿಯನ್ನು, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಕ್ಷಣಗಳಲ್ಲಿ, ಹಠಾತ್ತಾಗಿ ಸೆಳೆದುಕೊಳ್ಳಬಲ್ಲುದು. 2020ರಲ್ಲಿ ಆರ್‌ಟಿಎಕ್ಸ್ 3080ರ ಪೀಳಿಗೆ ಬಂದಾಗ, ಲೆಕ್ಕಕ್ಕೆ ಸಾಕಾಗಿದ್ದ ಎಸ್‌ಎಂಪಿಎಸ್‌ಗಳೂ ಆಟದ ಮಧ್ಯದಲ್ಲಿ ತಟಕ್ಕನೆ ಆರಿಹೋದ ದೂರುಗಳು ಲೋಕದ ಎಲ್ಲೆಡೆಯಿಂದಲೂ ಕೇಳಿಬಂದುವು. ಘಟಕದ ರಕ್ಷಣಾವ್ಯವಸ್ಥೆಯು ಆ ಕ್ಷಣಿಕ ಸೆಳೆತವನ್ನು ಅಪಾಯವೆಂದು ಭಾವಿಸಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಇದರ ತರುವಾಯ 2022ರಲ್ಲಿ ಹೊರಬಂದ ಎಟಿಎಕ್ಸ್ 3.0 ಮಾನಕವು, ಹೊಸ ಬಗೆಯ ಕನೆಕ್ಟರ್ ಉಳ್ಳ ದೊಡ್ಡ ಘಟಕಗಳು ತಮ್ಮ ಘೋಷಿತ ಶಕ್ತಿಯ ಇಮ್ಮಡಿಯನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ತಾಳಿಕೊಳ್ಳಬೇಕೆಂದು ವಿಧಿಸಿತು. ಭಾರ ಬಿದ್ದಾಗ ಮಾತ್ರ, ಯಾವ ಸಂದೇಶವನ್ನೂ ತೋರದೆ, ಕರೆಂಟ್ ಹೋದಂತೆ ಯಂತ್ರವು ಆರಿಹೋಗುತ್ತಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್‌ನ ಮೇಲೆಯೇ ಬೀಳಬೇಕು.

ಕನೆಕ್ಟರು, ಕೇಬಲ್ಲು, ವಯಸ್ಸು

ಲೆಕ್ಕವು ಸರಿಹೋದ ಮೇಲೆಯೂ ಘಟಕವನ್ನು ತಿರಸ್ಕರಿಸಬೇಕಾಗುವ ಪ್ರಸಂಗಗಳುಂಟು. ಪಿಸಿಐಇ ಸ್ಲಾಟು 75 ವಾಟನ್ನೂ, ಆರು ಪಿನ್ನಿನ ಕನೆಕ್ಟರ್ 75 ವಾಟನ್ನೂ, ಎಂಟು ಪಿನ್ನಿನದು 150 ವಾಟನ್ನೂ ಹೊರಲು ನಿಯತವಾದುವು. ಕಾರ್ಡು ಎರಡು ಎಂಟು ಪಿನ್ನಿನ ಕನೆಕ್ಟರುಗಳನ್ನು ಬೇಡುತ್ತಿದ್ದು, ಎಸ್‌ಎಂಪಿಎಸ್‌ನಲ್ಲಿ ಒಂದೇ ಇದ್ದರೆ, ತಯಾರಕರೇ ತಮ್ಮ ಘಟಕವನ್ನು ಅಷ್ಟು ದೊಡ್ಡ ಕಾರ್ಡಿಗಾಗಿ ಉದ್ದೇಶಿಸಿಲ್ಲವೆಂದು ಮೌನವಾಗಿ ಹೇಳುತ್ತಿರುವರೆಂದೇ ತಿಳಿಯಬೇಕು. ಈ ಮಾತನ್ನು ಮೀರಲು ಅಂಗಡಿಗಳಲ್ಲಿ ಅಗ್ಗದ ಅಡಾಪ್ಟರುಗಳು ಸಿಕ್ಕುತ್ತವೆ. ಹಾರ್ಡ್‌ಡಿಸ್ಕಿಗೆ ಶಕ್ತಿ ಕೊಡುವ ಸಾಟಾ ಕನೆಕ್ಟರಿನ ಮೂರು 12 ವೋಲ್ಟ್ ಪಿನ್ನುಗಳು ತಲಾ ಒಂದೂವರೆ ಆಂಪಿಯರ್‌ನಂತೆ ಒಟ್ಟು 54 ವಾಟನ್ನು ಮಾತ್ರ ಹೊರಬಲ್ಲುವು. ಅದನ್ನು 75 ವಾಟಿನ, ಕೆಲವೊಮ್ಮೆ 150 ವಾಟಿನ ಕನೆಕ್ಟರನ್ನಾಗಿ ಮಾರ್ಪಡಿಸುವ ಅಡಾಪ್ಟರು ಪ್ಲಾಸ್ಟಿಕ್ಕನ್ನು ಕರಗಿಸುವ ಸಾಧನವೇ ಸರಿ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ಕನೆಕ್ಟರುಗಳಿದ್ದಲ್ಲಿಯೂ, ಕಾರ್ಡು ದೊಡ್ಡದಾಗಿದ್ದರೆ ಎರಡು ಪ್ರತ್ಯೇಕ ಕೇಬಲ್ಲುಗಳನ್ನು ಬಳಸುವುದು ಕ್ಷೇಮ.

ದೊಡ್ಡ ಕಾರ್ಡುಗಳಿಗಾಗಿ ಬಂದಿರುವ, 600 ವಾಟನ್ನು ಒಂದೇ ಬಾಯಿಯಿಂದ ಕೊಡುವ ಹದಿನಾರು ಪಿನ್ನಿನ ಕನೆಕ್ಟರು ಇನ್ನೂ ಹೆಚ್ಚಿನ ಎಚ್ಚರವನ್ನು ಬಯಸುತ್ತದೆ. 50 ಆಂಪಿಯರನ್ನು ಅದರ ಆರು ಜೊತೆ ಪಿನ್ನುಗಳು ಹಂಚಿಕೊಂಡರೆ ಒಂದೊಂದಕ್ಕೆ ಎಂಟಕ್ಕಿಂತ ಹೆಚ್ಚು ಆಂಪಿಯರ್; ಪೂರ್ಣವಾಗಿ ಕೂರದಿದ್ದರೆ ಹಂಚಿಕೆಯು ಕೆಡುತ್ತದೆ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಈ ಕನೆಕ್ಟರುಗಳು ಕರಗಿದ ವರದಿಗಳು ಬಂದುವು. ಬಳಿಕ ಸಂವೇದಕ ಪಿನ್ನುಗಳನ್ನು ಮೋಟುಗೊಳಿಸಿ, ಪೂರ್ತಿ ಒಳಸೇರದ ಹೊರತು ಕಾರ್ಡಿಗೆ ಪೂರ್ಣಶಕ್ತಿ ಸಿಗದಂತೆ ವಿನ್ಯಾಸವನ್ನು ತಿದ್ದಲಾಯಿತು. ಇನ್ನೊಂದು ಎಚ್ಚರಿಕೆ: ಬಿಚ್ಚಿ ಹಾಕಬಹುದಾದ ಕೇಬಲ್ಲುಗಳುಳ್ಳ ಮಾಡ್ಯುಲರ್ ಘಟಕಗಳಲ್ಲಿ, ಎಸ್‌ಎಂಪಿಎಸ್‌ನ ಕಡೆಯ ಪಿನ್ನುಗಳ ಕ್ರಮಕ್ಕೆ ಸರ್ವಸಮ್ಮತವಾದ ಮಾನಕವಿಲ್ಲ. ಹಳೆಯ ಘಟಕದ ಕೇಬಲ್ಲು ಹೊಸ ಘಟಕದಲ್ಲಿ ಸಲೀಸಾಗಿ ಕೂತರೂ, 5 ವೋಲ್ಟ್ ಇರಬೇಕಾದಲ್ಲಿ 12 ವೋಲ್ಟ್ ಹರಿದು ವರ್ಷಗಳ ಕಡತಗಳನ್ನು ಹೊತ್ತ ಡಿಸ್ಕನ್ನು ಕ್ಷಣಮಾತ್ರದಲ್ಲಿ ಸುಡಬಹುದು. ಘಟಕವನ್ನು ಬದಲಾಯಿಸಿದರೆ ಕೇಬಲ್ಲುಗಳನ್ನೂ ಸಮೂಲವಾಗಿ ಬದಲಾಯಿಸತಕ್ಕದ್ದು.

ವಯಸ್ಸಿನ ಮಾತು ಕೊನೆಯದು. ಎಸ್‌ಎಂಪಿಎಸ್‌ನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಕಾಲಕ್ರಮದಲ್ಲಿ ಒಣಗುತ್ತವೆ; ಅವುಗಳ ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸಾಮಾನ್ಯ ಸೂತ್ರ. ಬೆಂಗಳೂರಿನ ಹವೆ ಸೌಮ್ಯವಾದರೂ, ಮೈಸೂರು ರಸ್ತೆಯ ಧೂಳು ಫ್ಯಾನಿನ ರೆಕ್ಕೆಗಳಿಗೆ ಅಂಟಿ, ಯಂತ್ರವನ್ನು ಮೇಜಿನ ಕೆಳಗಿನ ಮರದ ಗೂಡಿನೊಳಗೆ ಮುಚ್ಚಿಟ್ಟಿದ್ದರೆ, ಆ ಸೌಮ್ಯತೆಯ ಫಲ ಘಟಕಕ್ಕೆ ದೊರೆಯದು. ವಾರಂಟಿಯ ಅವಧಿ ಮುಗಿದು ಹೋಗಿರುವ ಘಟಕಕ್ಕೆ ಅದರ ಬೆಲೆಯ ಹತ್ತು ಪಾಲು ಬಾಳುವ ಕಾರ್ಡನ್ನು ಒಪ್ಪಿಸುವುದು ಜಾಣತನವಲ್ಲ.

ಗೋಡೆಯ ಆಚೆಗೂ ಇರುವ ಸರಪಳಿ

ನಮ್ಮ ಊರಿನಲ್ಲಿ ಲೆಕ್ಕವು ಎಸ್‌ಎಂಪಿಎಸ್‌ನಲ್ಲಿಯೇ ನಿಲ್ಲುವುದಿಲ್ಲ; ಅದರ ಹಿಂದೆ ಯುಪಿಎಸ್ ಉಂಟು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣಬರುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ 360 ವಾಟು. ಮೇಲೆ ನಾವು ನಿಶ್ಚಿಂತವೆಂದು ಬಗೆದ 292 ವಾಟಿನ ಯಂತ್ರವೂ, ಎಸ್‌ಎಂಪಿಎಸ್‌ನ ಪರಿವರ್ತನೆಯಲ್ಲಿ ಶೇಕಡ 15 ವ್ಯರ್ಥವಾಗುವುದೆಂದು ಹಿಡಿದರೆ, ಗೋಡೆಯಿಂದ 343 ವಾಟನ್ನು ಎಳೆಯುತ್ತದೆ. ಮಾನಿಟರಿನ 25 ವಾಟನ್ನು ಅದೇ ಯುಪಿಎಸ್‌ಗೆ ಜೋಡಿಸಿದರೆ ಮಿತಿ ಮೀರಿತು. ಕರೆಂಟ್ ಇರುವಾಗ ಈ ದೋಷ ಕಾಣದೆ, ಕರೆಂಟ್ ಹೋದ ಕ್ಷಣದಲ್ಲಿ ಯುಪಿಎಸ್ ಕೂಗಿ ಕೈಚೆಲ್ಲುತ್ತದೆ. ಅಪವಾದ ಮಾತ್ರ ನಿರಪರಾಧಿಯಾದ ಎಸ್‌ಎಂಪಿಎಸ್‌ಗೆ ತಗಲುತ್ತದೆ. ಹೊಸ ಕಾರ್ಡಿನೊಡನೆ ಯುಪಿಎಸ್‌ನ ಮೇಲಿನ ವಾಟನ್ನೂ ಓದಬೇಕೆಂಬುದು ಇದರ ತಾತ್ಪರ್ಯ.

ಅಂತೆಯೇ, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವ ಅನುಭವಕ್ಕೆ ಎಸ್‌ಎಂಪಿಎಸ್ ಕೆಟ್ಟಿದೆಯೆಂದೇ ಅರ್ಥವಲ್ಲ. ಅದರ ಫಿಲ್ಟರಿನ ಕೆಪಾಸಿಟರುಗಳು ಸೋರಿಕೆಯ ಅಲ್ಪಪ್ರವಾಹವನ್ನು ಅರ್ಥ್ ತಂತಿಗೆ ಕಳುಹಿಸುವಂತೆ ರಚಿತವಾಗಿವೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ತಗಡಿನ ಮೈ ಮನೆಯ ವೋಲ್ಟಿನ ಸುಮಾರು ಅರ್ಧಕ್ಕೆ ಏರಿ ನಿಲ್ಲುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಆ ಜುಮ್ಮು ಹೋಗದು. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗನ್ನು ಸರಿಪಡಿಸಬೇಕು.

ಬೆಸ್ಕಾಂ ಬಿಲ್ಲಿನ ಮಾತನ್ನೂ ಹೇಳಿಬಿಡಬೇಕು. 200 ವಾಟಿನ ಕಾರ್ಡನ್ನು ದಿನಕ್ಕೆ ನಾಲ್ಕು ಗಂಟೆ ಪೂರ್ಣಭಾರದಲ್ಲಿ ದುಡಿಸಿದರೆ, ಪರಿವರ್ತನೆಯ ನಷ್ಟವೂ ಸೇರಿ ತಿಂಗಳಿಗೆ 27–28 ಯೂನಿಟ್ಟುಗಳಾಗುತ್ತವೆ. 2023ರ ಆಗಸ್ಟಿನಿಂದ ಜಾರಿಯಲ್ಲಿರುವ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಇದು ಅಲ್ಪವಲ್ಲ. ಏಕೆಂದರೆ ಬಳಕೆ 200 ಯೂನಿಟ್ಟನ್ನು ಮೀರಿದ ತಿಂಗಳಲ್ಲಿ ಇಡೀ ಬಿಲ್ಲನ್ನೇ ತೆರಬೇಕಾಗುತ್ತದೆ. ಆದರೆ ಈ ಭಯದಿಂದ ದುಬಾರಿಯ ಗೋಲ್ಡ್ ಪದವಿಯ ಘಟಕವನ್ನು ಕೊಳ್ಳಹೋಗುವುದು ಲೆಕ್ಕಕ್ಕೆ ನಿಲ್ಲದು. 400 ವಾಟಿನ ಭಾರದಲ್ಲಿ ಶೇಕಡ 85 ದಕ್ಷತೆಯ ಬ್ರಾಂಜ್ ಘಟಕವು 470 ವಾಟನ್ನೂ, ಶೇಕಡ 90ರ ಗೋಲ್ಡ್ ಘಟಕವು 444 ವಾಟನ್ನೂ ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಮೂರು ಯೂನಿಟ್ಟಿನ ಅಂತರ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಇಪ್ಪತ್ತು ರೂಪಾಯಿಗೆ ಒಳಗೆ. 2004ರಲ್ಲಿ ಆರಂಭವಾದ 80 ಪ್ಲಸ್ ವ್ಯವಸ್ಥೆಯ ಈ ಪದವಿಗಳು ಅಳೆಯುವುದು ದಕ್ಷತೆಯನ್ನೇ ಹೊರತು, ರಕ್ಷಣಾವ್ಯವಸ್ಥೆಯ ಗುಣವನ್ನಲ್ಲ. ಕೊಳ್ಳುವಾಗ ಪದವಿಯ ಬಣ್ಣಕ್ಕಿಂತ 12 ವೋಲ್ಟಿನ ಆಂಪಿಯರ್, ಬೇಕಾದ ಕನೆಕ್ಟರುಗಳು ಮತ್ತು ವಾರಂಟಿಯ ವರ್ಷಗಳನ್ನು ಈ ಕ್ರಮದಲ್ಲಿಯೇ ವಿಚಾರಿಸತಕ್ಕದ್ದು.

ಕೊಳ್ಳುವ ಮುನ್ನ

2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದಂದಿನಿಂದ, ರಾಜರಾಜೇಶ್ವರಿನಗರದ ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಯನ್ನು ಸೇರುವುದು ಸುಲಭವಾಗಿದೆ. ಹೊರಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಂಡಿದ್ದರೆ ಅಂಗಡಿಯ ಸಂಭಾಷಣೆಯ ಧಾಟಿಯೇ ಬೇರೆಯಾಗುತ್ತದೆ: ಎಸ್‌ಎಂಪಿಎಸ್‌ನ 12 ವೋಲ್ಟಿನ ಆಂಪಿಯರ್, ಅದರಲ್ಲಿರುವ ಎಂಟು ಪಿನ್ನಿನ ಕನೆಕ್ಟರುಗಳ ಸಂಖ್ಯೆ, ಅದನ್ನು ಕೊಂಡ ವರ್ಷ, ಪ್ರೊಸೆಸರಿನ ಗರಿಷ್ಠ ವಾಟು. ಒಟ್ಟು ಭಾರ ಮುಕ್ಕಾಲಿನೊಳಗಿದ್ದು, ಕನೆಕ್ಟರುಗಳು ಅಡಾಪ್ಟರಿಲ್ಲದೆ ಹೊಂದಿ, ವಾರಂಟಿಯೂ ಉಳಿದಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಬಹುದು. ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಹೆದರಬೇಕಾದುದಿಲ್ಲ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಬದಲಾಯಿಸಬೇಕು. ಮಿಕ್ಕೆರಡು ಸರಿಯಿವೆಯೆಂಬುದು ಅದಕ್ಕೆ ಸಮಾಧಾನವಾಗಲಾರದು.

ಎರಡನ್ನೂ ಕೊಳ್ಳುವಷ್ಟು ಹಣವಿಲ್ಲದಾಗ ಏನು ಮಾಡಬೇಕೆಂಬುದು ನಿಜವಾದ ಇಕ್ಕಟ್ಟು. ಆಗ ಬಹುಮಂದಿ ದೊಡ್ಡ ಕಾರ್ಡನ್ನು ಕೊಂಡು ಎಸ್‌ಎಂಪಿಎಸ್ಸನ್ನು ಮುಂದಿನ ತಿಂಗಳಿಗೆ ಮುಂದೂಡುತ್ತಾರೆ. ವಿವೇಕವು ಇದಕ್ಕೆ ವಿರುದ್ಧವಾದುದು: ಒಂದು ಮೆಟ್ಟಿಲು ಕೆಳಗಿನ ಕಾರ್ಡನ್ನು ಕೊಂಡು, ಉಳಿದ ಹಣದಲ್ಲಿ ಏಳು ವರ್ಷವೋ ಹತ್ತು ವರ್ಷವೋ ವಾರಂಟಿಯುಳ್ಳ ಎಸ್‌ಎಂಪಿಎಸ್ಸನ್ನು ತರಬೇಕು. ಕಾರ್ಡು ಮೂರು ನಾಲ್ಕು ವರ್ಷಗಳಲ್ಲಿ ಹಳತಾಗಿ ಮತ್ತೊಂದಕ್ಕೆ ಎಡೆಗೊಡುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಆ ಮತ್ತೊಂದನ್ನೂ ಹೊತ್ತೀತು, ಮತ್ತು ಆ ದಿನ ಈ ಲೇಖನದ ಪ್ರಶ್ನೆಯನ್ನು ಕೇಳಿಕೊಳ್ಳುವ ಅಗತ್ಯವೇ ಬಾರದು.